ಕೀಲಿನೊಳಗಣ ಸಾಕ್ಷ್ಯ

ಕೀಲು ಎಂಬ ಕನ್ನಡದ ಮಾತಿಗೆ ಎರಡು ಅರ್ಥಗಳುಂಟು. ಬಂಡಿಯ ಗಾಲಿ ಅಚ್ಚಿನಿಂದ ಕಳಚಿ ಬೀಳದಂತೆ ತಡೆಯುವ ಗೂಟವೂ ಕೀಲು; ಮೈಯಲ್ಲಿ ಎಲುಬು ಎಲುಬನ್ನು ಕೂಡುವ ಸಂದಿಯೂ ಕೀಲು. ಕಡೆಗೀಲು ಎಂಬ ಹಳೆಯ ಮಾತನ್ನು ಬಲ್ಲವರಿಗೆ ಈ ಎರಡು ಅರ್ಥಗಳ ನಂಟು ಒಡನೆಯೇ ಹೊಳೆಯುತ್ತದೆ. ಬಂಡಿಯ ಕೀಲು ಕೆಟ್ಟರೆ ಅದನ್ನು ಹೊರಗೆಳೆದು ಕೈಯಲ್ಲಿ ಹಿಡಿದು ನೋಡಬಹುದು. ಮೈಯ ಕೀಲಿಗೆ ಆ ಸೌಕರ್ಯವಿಲ್ಲ. ಹೊರಗೆ ನಮಗೆ ಕಾಣುವುದು ಬಾವು, ಬಿಸಿ, ನೋವು, ಕುಂಟು ಇಷ್ಟೇ. ಈ ನಾಲ್ಕು ಲಕ್ಷಣಗಳು ಎಷ್ಟೋ ರೋಗಗಳಿಗೆ ಸಮಾನ. ಒಳಗೆ ಇರುವುದು ಯಾವ ರೋಗ ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರ ಹೇಗೆ ಹಂತಹಂತವಾಗಿ ಬಿಡಿಸಿತು, ನಮ್ಮ ಸೀಮೆಯಲ್ಲಿ ಆ ಪ್ರಶ್ನೆ ಯಾವ ರೂಪ ತಾಳಿತು ಎಂಬುದು ನನ್ನ ಇಂದಿನ ಮಾತಿನ ವಿಷಯ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿದವನು. ಹಸ್ತಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡಿ ಸರಿಯಾದ ಪಾಠವನ್ನು ನಿರ್ಣಯಿಸುವುದು ನಮ್ಮ ಕಸುಬು. ರೋಗನಿರ್ಣಯದ ಚರಿತ್ರೆಯನ್ನು ಓದುತ್ತ ಹೋದಂತೆ, ಸಾಕ್ಷ್ಯವನ್ನು ಅಳೆಯುವ ಆ ಕೆಲಸ ನಮ್ಮದಕ್ಕಿಂತ ಬಹಳ ದೂರದ್ದಲ್ಲ ಎನಿಸಿತು.

ಹಳಬರು ಕೀಲುಬೇನೆಗಳನ್ನೆಲ್ಲ 'ವಾತ' ಎಂಬ ಒಂದೇ ಮಾತಿನಲ್ಲಿ ಅಡಗಿಸಿದರು ಎಂದು ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ಆಯುರ್ವೇದ ವಾತರಕ್ತವನ್ನು ಬೇರೆಯಾಗಿ ಗುರುತಿಸಿತ್ತು. ರೋಗನಿದಾನಕ್ಕೆಂದೇ ಗ್ರಂಥ ಬರೆದ ಮಾಧವಕರ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟ. ನಮ್ಮ ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಬಡತನವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರ ಕೀರ್ತಿವರ್ಮ 'ಗೋವೈದ್ಯ'ವನ್ನು ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯಕ್ಕಾಗಿ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದ. ಆದರೆ ಇವರೆಲ್ಲರ ಕೈಯಲ್ಲಿದ್ದ ಸಾಕ್ಷ್ಯ ಹೊರಗಿನದು: ಕಣ್ಣು ಕಂಡದ್ದು, ಕೈ ಮುಟ್ಟಿದ್ದು, ರೋಗಿ ಹೇಳಿದ್ದು. ಯುರೋಪಿನ ಸ್ಥಿತಿಯೂ ಬಹುಕಾಲ ಹೀಗೆಯೇ ಇತ್ತು. ಅಲ್ಲಿಯೂ ಗೌಟ್ ಮತ್ತು ರುಮಾಟಿಸಂ ಎಂಬ ಎರಡು ಮಾತುಗಳು ಕೀಲುನೋವಿನ ರಾಜ್ಯವನ್ನೆಲ್ಲ ಹಂಚಿಕೊಂಡಿದ್ದವು.

ಈ ರಾಜ್ಯದ ಗಡಿಗಳನ್ನು ಅಳೆದು ಗುರುತಿಸುವ ಕಾರ್ಯ ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಯಿತು. ಲಂಡನ್ನಿನ ಆಲ್‌ಫ್ರೆಡ್ ಗ್ಯಾರಡ್ 1848ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ತೋರಿಸಿದ. 1859ರಲ್ಲಿ ಆತನೇ ಇನ್ನೊಂದು ಬೇನೆಯನ್ನು ಬೇರ್ಪಡಿಸಿ ಅದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರಿಟ್ಟ. 1882ರಲ್ಲಿ ಕಾಕ್ ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಮೇಲೆ, ವರ್ಷಗಟ್ಟಲೆ ಊದಿ ಕೀವಾಗಿ ಒಡೆಯುತ್ತಿದ್ದ ಎಷ್ಟೋ ಮೊಣಕಾಲುಗಳು ವಾತದ ಲೆಕ್ಕದಿಂದ ಕ್ಷಯದ ಲೆಕ್ಕಕ್ಕೆ ಸಂದವು. ಈ ನಡುವೆ 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆನಿಯೆ ಎಂಬಾತ ಗ್ರೀಕಿನ ಎರಡು ಪದಗಳನ್ನು ಕೂಡಿಸಿ ಬಯಾಪ್ಸಿ ಎಂಬ ಮಾತನ್ನು ಬಳಕೆಗೆ ತಂದ. ಬದುಕಿರುವ ದೇಹದಿಂದ ಚಿಕ್ಕ ತುಣುಕನ್ನು ತೆಗೆದು ನೋಡುವುದು ಎಂದು ಅದರ ಅರ್ಥ. ಅದುವರೆಗೆ ಕೀಲಿನ ಒಳಗನ್ನು ಚೆನ್ನಾಗಿ ನೋಡುವ ಅವಕಾಶ ಬಹುಮಟ್ಟಿಗೆ ಸತ್ತವರ ಶರೀರದಲ್ಲಿ ಮಾತ್ರ ಸಿಗುತ್ತಿತ್ತು. ಅಲ್ಲಿ ದೊರೆತ ಉತ್ತರ ಆ ರೋಗಿಯ ಪಾಲಿಗೆ ತಡವಾದ ಉತ್ತರ.

ಕೀಲಿನೊಳಗೆ ನೋಡತಕ್ಕದ್ದು ಏನು? ಎಲುಬಿನ ತುದಿಗಳಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ ಒಂದು. ಕೀಲನ್ನು ಸುತ್ತುವರಿದ ಚೀಲದ ಒಳಮೈಗೆ ಅಂಟಿಕೊಂಡ ತೆಳುಪೊರೆ ಇನ್ನೊಂದು. ಈ ಪೊರೆಯೇ ಕೀಲಿಗೆ ಜಿಡ್ಡಿನಂಥ ರಸವನ್ನು ಒದಗಿಸುತ್ತದೆ. ಕೀಲುರೋಗಗಳಲ್ಲಿ ಹಲವು ಮೊದಲು ಮುತ್ತಿಗೆ ಹಾಕುವುದು ಈ ಪೊರೆಗೆ. ಆದ್ದರಿಂದ ಅದರ ಒಂದು ಚೂರು ಕೈಗೆ ಸಿಕ್ಕರೆ ಅರ್ಧ ಕಥೆ ತಿಳಿದಂತೆಯೇ. ಆದರೆ ಅದಕ್ಕಾಗಿ ಮೊಣಕಾಲನ್ನೇ ಕುಯ್ದು ತೆರೆಯಬೇಕಾದರೆ ಅದು ನೋವಿಗಿಂತ ದೊಡ್ಡ ದಂಡ. 1932ರಲ್ಲಿ ಫ್ರಾನ್ಸಿನ ಜಾಕ್ ಫಾರೆಸ್ಟಿಯೆ ಕೀಲನ್ನು ಕುಯ್ಯದೆಯೇ ಪೊರೆಯ ಚೂರನ್ನು ತರುವ ಸಲಕರಣೆಯನ್ನು ವರ್ಣಿಸಿದ. 1951ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಪಾಲಿ ಮತ್ತು ಬಿಕೆಲ್ ಇನ್ನೊಂದು ಬಗೆಯ ಸೂಜಿಯನ್ನು ಬಳಸಿದರು. ಆ ಸೂಜಿ ದಪ್ಪ. 1963ರಲ್ಲಿ ಪಾರ್ಕರ್ ಮತ್ತು ಪಿಯರ್‌ಸನ್ ಸಣ್ಣದಾದ ಸರಳ ಸೂಜಿಯೊಂದನ್ನು ಮಾಡಿದ ಮೇಲೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಹಾಸಿಗೆಯ ಪಕ್ಕದಲ್ಲಿಯೇ ಈ ಕೆಲಸ ಮಾಡುವುದು ಸಾಧ್ಯವಾಯಿತು. ಜಪಾನು ಬೇರೊಂದು ದಾರಿ ಹಿಡಿದಿತ್ತು. ಟೋಕಿಯೋದ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶವನ್ನು ನೋಡುವ ಕೊಳವೆಯಿಂದ ಮೊಣಕಾಲಿನ ಒಳಗೆ ಇಣುಕಿದ. ಆತನ ಶಿಷ್ಯ ಮಸಾಕಿ ವತನಾಬೆ ಮತ್ತು ಸಂಗಡಿಗರು 1950ರ ದಶಕದ ಕೊನೆಯ ವೇಳೆಗೆ ರೂಪಿಸಿದ ದರ್ಶಕಕ್ಕೆ ಬಂದ ಹೆಸರು 'ನಂಬರ್ 21'. ಹಲವು ಮಾದರಿಗಳನ್ನು ಮಾಡಿ ತಿದ್ದಿದ ಮೇಲೆ ಬಂದದ್ದು ಅದು. ಹೀಗೆ ಕಣ್ಣಿಗೆ ಕಾಣುವ ಜಾಗದಿಂದಲೇ ತುಣುಕು ತೆಗೆಯುವ ಅನುಕೂಲ ಒದಗಿತು. ಈಚಿನ ವರ್ಷಗಳಲ್ಲಿ ಅಲ್ಟ್ರಾಸೌಂಡಿನ ನೆರವಿನಿಂದ ಸಣ್ಣ ಕೀಲುಗಳಿಗೂ ಸೂಜಿ ಹೋಗುತ್ತಿದೆ.

ಇಷ್ಟು ಶ್ರಮ ಏಕೆ ಎಂದು ಕೇಳಬಹುದು. ಹೆಸರು ಯಾವುದಾದರೇನು, ನೋವು ನೋವೇ ಅಲ್ಲವೆ? ಮದ್ದು ಇಲ್ಲದ ಕಾಲದಲ್ಲಿ ಈ ಮಾತು ನಡೆಯುತ್ತಿತ್ತು. 1948ರಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನನ್ನು ಮೊದಲ ಬಾರಿಗೆ ರುಮಟಾಯ್ಡ್ ರೋಗಿಗೆ ಕೊಟ್ಟರು; ಎದ್ದು ನಿಲ್ಲಲಾರದವರು ನಡೆದಾಡಿದರು; 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಅಂದಿನಿಂದ ತಪ್ಪು ಹೆಸರಿನ ಬೆಲೆ ಏರಿಬಿಟ್ಟಿತು. ರುಮಟಾಯ್ಡ್ ಎಂದು ಭಾವಿಸಿ ಕ್ಷಯದ ಮೊಣಕಾಲಿಗೆ ಈ ಬಗೆಯ ಮದ್ದನ್ನು ಕೊಟ್ಟರೆ ಬಾವು ಕೆಲವು ದಿನ ಇಳಿಯುತ್ತದೆ, ಒಳಗಿನ ಕ್ರಿಮಿ ಮಾತ್ರ ಮೇಯುತ್ತ ಹೋಗುತ್ತದೆ. ಕ್ಷಯದ ಕೀಲಿನಿಂದ ತೆಗೆದ ರಸದಲ್ಲಿ ಕ್ರಿಮಿ ಅನೇಕ ವೇಳೆ ಕಣ್ಣಿಗೆ ಬೀಳುವುದಿಲ್ಲ. ಪೊರೆಯ ತುಣುಕಿನಲ್ಲಾದರೆ ಗಂಟುಗಂಟಾದ ಜೀವಕೋಶಗಳ ಗುಂಪು, ನಡುವೆ ಗಿಣ್ಣಿನಂತೆ ಮುದ್ದೆಗಟ್ಟಿದ ಭಾಗ ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಅದೇ ತುಣುಕಿನಲ್ಲಿ ಕ್ರಿಮಿಯನ್ನು ಬೆಳೆಸಿಯೂ ನೋಡಬಹುದು. ಒಂದೇ ಕೀಲು ವಾರಗಟ್ಟಲೆ ಊದಿಕೊಂಡಿದ್ದು, ರಕ್ತ, ರಸ, ಎಕ್ಸ್-ರೇ ಮೂರೂ ಉತ್ತರ ಕೊಡದಿದ್ದಾಗ ವೈದ್ಯರು ತುಣುಕನ್ನು ಬಯಸುವುದು ಈ ಕಾರಣಕ್ಕೆ.

ಈಗ ನಮ್ಮ ಸೀಮೆಗೆ ಬರೋಣ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಯೆಂದೇ ಹೆಸರು. ಅದರ ಪೂರ್ವದ ಅಂಚಿನಲ್ಲಿರುವ ಮೂರು ಊರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಡೂರು ಬಯಲುಸೀಮೆ, ತೆಂಗು, ರಾಗಿ, ಕುರಿ, ಜಾಲಿ. ಅಜ್ಜಂಪುರ ಅಮೃತಮಹಲ್ ದನಗಳ ಕಾವಲು. ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕು. ತರೀಕೆರೆ ಮಲೆನಾಡಿನ ಬಾಗಿಲು. ಹಿಂದೆ ಇಲ್ಲಿಂದ ನರಸಿಂಹರಾಜಪುರಕ್ಕೆ ಕಿರುಹಳಿಯ ರೈಲು ಕಾಡಿನ ನಡುವೆ ಓಡುತ್ತಿತ್ತು. ಒಂದು ಹಗಲಿನಲ್ಲಿ ಸುತ್ತಿ ಬರಬಹುದಾದ ಈ ಮೂರು ಊರುಗಳಲ್ಲಿ ಊದಿದ ಮೊಣಕಾಲೊಂದು ವೈದ್ಯನ ಮುಂದೆ ಬಂದರೆ, ಆತ ಕೇಳಬೇಕಾದ ಪ್ರಶ್ನೆಗಳು ಬೇರೆಬೇರೆ.

ಕಡೂರಿನ ಕಡೆಯವನಾದರೆ ಮೊದಲು ಮುಳ್ಳಿನ ಮಾತು. ಜಾಲಿಯದೋ ಈಚಲಿನದೋ ಮುಳ್ಳು ಕೀಲಿಗೆ ನಾಟಿ ತುದಿ ಒಳಗೇ ಮುರಿಯುವುದುಂಟು. ಗಾಯ ಮಾಯುತ್ತದೆ, ಕುರಿಗಾಹಿ ಅದನ್ನು ಮರೆಯುತ್ತಾನೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೊಣಕಾಲು ಊದಿ, ಇಳಿದು, ಮತ್ತೆ ಊದುತ್ತದೆ. ಮುಳ್ಳು ಸಾಮಾನ್ಯವಾಗಿ ಎಕ್ಸ್-ರೇಗೆ ಕಾಣುವ ವಸ್ತುವಲ್ಲ. ಪೊರೆಯ ತುಣುಕನ್ನು ಧ್ರುವೀಕೃತ ಬೆಳಕಿನಲ್ಲಿ ಇಟ್ಟಾಗ ಸಸ್ಯದ ಚೂರುಗಳು ಕತ್ತಲೆಯ ನಡುವೆ ಮಿನುಗುತ್ತವೆ. ಮುಳ್ಳನ್ನೂ ಕೆರಳಿದ ಪೊರೆಯನ್ನೂ ತೆಗೆದುಹಾಕಿದರೆ ಬೇನೆ ಮುಗಿಯುತ್ತದೆ. ಬಾಳುದ್ದಕ್ಕೂ ವಾತದ ಗುಳಿಗೆ ನುಂಗಬೇಕಾಗಿದ್ದವನು ತನ್ನ ಹಿಂಡಿನ ಹಿಂದೆ ಹೊರಡಬಹುದು. ಇದೇ ಬಗೆಯ ಬೆಳಕಿನಲ್ಲಿಯೇ 1961ರಲ್ಲಿ ಮೆಕಾರ್ಟಿ ಮತ್ತು ಹೊಲಾಂಡರ್ ಎಂಬ ಅಮೆರಿಕದ ವೈದ್ಯರು ಗೌಟ್ ರೋಗಿಯ ಕೀಲುರಸದಲ್ಲಿ ಯೂರೇಟಿನ ಸೂಜಿಯಂಥ ಹರಳುಗಳನ್ನು ಗುರುತಿಸಿದ್ದು.

ಬಯಲುಸೀಮೆಗೆ ಇನ್ನೊಂದು ಪ್ರಶ್ನೆ ನೀರಿನದು. ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಮ್ಮ ಒಣಸೀಮೆಯ ಹಲವು ಕಡೆಗಳ ಸಂಕಟ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಗಟ್ಟಲೆ ಅದನ್ನು ಮೀರಿದ ನೀರು ಕುಡಿದವರ ಹಲ್ಲು ಕಂದುತ್ತದೆ, ಬೆನ್ನು ಸೆಡೆಯುತ್ತದೆ, ಕೀಲು ಬಿಗಿಯುತ್ತದೆ. ನಮ್ಮ ದೇಶದಲ್ಲಿ ಈ ರೋಗ ಬೆಳಕಿಗೆ ಬಂದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದಲ್ಲಿ. ಇಲ್ಲಿ ಕೀಲಿನ ತುಣುಕಿಗಿಂತ ಹೆಚ್ಚು ಹೇಳುವುದು ಎಲುಬಿನ ಎಕ್ಸ್-ರೇ ಮತ್ತು ಬಾವಿಯ ನೀರು. ಯಾವ ಸಾಕ್ಷಿಯನ್ನು ಕರೆಯಬೇಕು ಎಂಬುದೂ ನಿರ್ಣಯದ ಭಾಗವೇ.

ಅಜ್ಜಂಪುರದಂಥ ದನದ ಸೀಮೆಯಲ್ಲಿ ಪ್ರಶ್ನೆ ಕೊಟ್ಟಿಗೆಯದು. ಹಸು ಕಂದು ಹಾಕಿತ್ತೆ? ಆ ಕಂದನ್ನೂ ಕಸವನ್ನೂ ಬರಿಗೈಯಲ್ಲಿ ಎತ್ತಿದವರು ಯಾರು? ಹಸಿಹಾಲು ಕುಡಿಯುವ ರೂಢಿಯುಂಟೆ? 1887ರಲ್ಲಿ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದ ಜ್ವರದ ಕ್ರಿಮಿಯನ್ನು ಗುರುತಿಸಿದ. 1897ರಲ್ಲಿ ಡೆನ್ಮಾರ್ಕಿನ ಬಾಂಗ್ ದನಗಳು ಕಂದು ಹಾಕಲು ಕಾರಣವಾದ ಕ್ರಿಮಿಯನ್ನು ಕಂಡ. 1905ರಲ್ಲಿ ಮಾಲ್ಟಾದ ಜಮ್ಮಿಟ್ ಅಲ್ಲಿಯ ಜ್ವರ ಮೇಕೆಯಿಂದ ಬರುತ್ತದೆ ಎಂದು ತೋರಿಸಿದ. ಬಾಂಗ್ ಕಂಡದ್ದೂ ಬ್ರೂಸ್ ಕಂಡದ್ದೂ ಒಂದೇ ಕುಲದ ಕ್ರಿಮಿಗಳು ಎಂಬುದು ಆಮೇಲೆ ತಿಳಿಯಿತು. ಬ್ರುಸೆಲ್ಲೋಸಿಸ್ ಎಂಬ ಈ ರೋಗ ಮನುಷ್ಯನಿಗೆ ತಗಲಿದರೆ ಬಿಟ್ಟುಬಿಟ್ಟು ಜ್ವರ, ಬೆವರು, ಸೊಂಟದ ಮತ್ತು ಕೀಲುಗಳ ನೋವು. ನಮ್ಮ ವಿಜಾಪುರದ ಕಡೆ ಇದನ್ನು ವಿವರವಾಗಿ ಅಭ್ಯಾಸ ಮಾಡಿದ ವೈದ್ಯರು ಕೀಲುನೋವನ್ನೇ ಮುಖ್ಯ ದೂರುಗಳಲ್ಲಿ ಒಂದಾಗಿ ಕಂಡರು. ರಕ್ತಪರೀಕ್ಷೆಯಿಂದ ಸಾಮಾನ್ಯವಾಗಿ ಪತ್ತೆಯಾಗುತ್ತದೆ. ಕೇಳುವವರು ಬೇಕು, ಅಷ್ಟೇ.

ತರೀಕೆರೆಯನ್ನು ದಾಟಿ ಮಲೆನಾಡಿನ ಒಳಗೆ ಹೋದರೆ ಕಥೆಗೆ ಬೇರೊಂದು ಗಾಂಭೀರ್ಯ ಬರುತ್ತದೆ. 1974-75ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ವಿಚಿತ್ರವಾದ ಕೀಲುಬೇನೆಯೊಂದು ಗಮನಕ್ಕೆ ಬಂತು. ಎಳೆಯರಲ್ಲಿ, ಹರೆಯದವರಲ್ಲಿ ಸೊಂಟದ ಕೀಲು, ಮೊಣಕಾಲುಗಳಲ್ಲಿ ನೋವು. ಬರಬರುತ್ತ ಕೋಲಿಲ್ಲದೆ ನಡೆಯಲಾರದ ಸ್ಥಿತಿ. ಕೆಲವರಲ್ಲಿ ಕುಳ್ಳಾದ ದೇಹ. ಶಿವಮೊಗ್ಗ ಜಿಲ್ಲೆಯಲ್ಲಿಯೂ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡ ಊರುಗಳಲ್ಲಿಯೂ ನೂರಾರು ಜನ ಈ ಬೇನೆಗೆ ತುತ್ತಾಗಿದ್ದರು. ಎಲ್ಲರೂ ಬಡ ದಲಿತ ಕುಟುಂಬಗಳವರು. ಪರರ ಗದ್ದೆ ತೋಟಗಳಲ್ಲಿ ದುಡಿಯುವವರು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದನ್ನು ವರ್ಣಿಸಿ ಬರೆದರು. ಅವರು ಕೊಟ್ಟ ಹೆಸರಿನ ಅರ್ಥ 'ಮಲೆನಾಡಿನ ಕೌಟುಂಬಿಕ ಸ್ಥಳೀಯ ಸಂಧಿವಾತ'. ಮನೆತನಗಳಲ್ಲಿ ಹರಿಯುತ್ತದೆ ಎಂಬ ಸುಳಿವು ಹೆಸರಿನಲ್ಲಿಯೇ ಇತ್ತು. ಕಾರಣದ ಬಗ್ಗೆ ಆಗ ಬಲವಾಗಿ ಕೇಳಿಬಂದ ಗುಮಾನಿ ವಿಷದ್ದು. ಗದ್ದೆಗೆ ಕೀಟನಾಶಕ ಹೊಡೆಯುವುದು ಹೊಸದಾಗಿ ಬಂದಿತ್ತು. ಬಡವರು ಗದ್ದೆಯ ಏಡಿಯನ್ನು ಹಿಡಿದು ತಿನ್ನುತ್ತಿದ್ದರು. ಏಡಿಯ ಮೂಲಕ ವಿಷ ಮೈಸೇರಿರಬಹುದು ಎಂದು ತರ್ಕ. ಇದು ಅಸಂಗತವಾದ ತರ್ಕವೇನೂ ಆಗಿರಲಿಲ್ಲ. ಆದರೆ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ಲಖನೌದ ಸಂಜಯಗಾಂಧಿ ಸಂಸ್ಥೆಯ ಅಗರ್ವಾಲ್ ಮತ್ತು ಸಂಗಡಿಗರು ರೋಗಿಗಳ ಎಕ್ಸ್-ರೇಗಳನ್ನೂ ವಂಶವೃಕ್ಷಗಳನ್ನೂ ಕೂಡಿಸಿ ನೋಡಿದಾಗ ಚಿತ್ರ ಬದಲಾಯಿತು. 1994ರಲ್ಲಿ ಅವರು ಪ್ರಕಟಿಸಿದ ನಿರ್ಣಯದಂತೆ ಇದು ಕೀಲಿಗೆ ಹೊರಗಿನಿಂದ ತಗಲಿದ ಉರಿಯೂತವಲ್ಲ. ಬೆನ್ನೆಲುಬೂ ಉದ್ದ ಎಲುಬುಗಳ ತುದಿಗಳೂ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದೆ, ಆ ಕಾರಣದಿಂದ ಕೀಲು ಬೇಗ ಸವೆಯುವ ಆನುವಂಶಿಕ ದೋಷ. ತಂದೆ ತಾಯಿಗಳಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಹಾಗೆ ನೋಡಿದರೆ ಸಂಧಿವಾತ ಎಂಬ ಹೆಸರೇ ಸವೆದ ಕೀಲನ್ನು ನೋಡಿ ಇಟ್ಟದ್ದು, ಮೂಲವನ್ನು ನೋಡಿ ಇಟ್ಟದ್ದಲ್ಲ. ಸಾಗರದ ರೋಗಿಗೆ ಉತ್ತರ ದೊರೆತದ್ದು ಪೊರೆಯ ತುಣುಕಿನಲ್ಲಲ್ಲ, ಎಲುಬಿನ ನೆರಳಿನಲ್ಲಿ ಮತ್ತು ಅಜ್ಜ ಅಜ್ಜಿಯರ ನೆನಪಿನಲ್ಲಿ.

ಜಗತ್ತಿನಲ್ಲಿ ಇಂಥ ಹಳ್ಳಿಗಳು ಬೇರೆಯೂ ಇವೆ. ಸೈಬೀರಿಯದ ಉರೋವ್ ನದಿಯ ದಂಡೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶಿನ್, 1906ರಲ್ಲಿ ಬೆಕ್ ಎಂಬ ವೈದ್ಯರು ಒಂದು ಕೀಲುಬೇನೆಯನ್ನು ವರ್ಣಿಸಿದರು. ದಕ್ಷಿಣ ಆಫ್ರಿಕದ ಜುಲು ನಾಡಿನ ಮ್ಸೆಲೆನಿ ಎಂಬಲ್ಲಿಯ ಸೊಂಟದ ಬೇನೆ 1970ರಲ್ಲಿ ವೈದ್ಯರ ಪತ್ರಿಕೆಗೆ ಬಂತು. ಅದಕ್ಕೂ ಹಂದಿಗೋಡಿನದಕ್ಕೂ ಸಂಬಂಧವಿರಬಹುದೆ ಎಂದು ತಜ್ಞರು ಚರ್ಚಿಸಿದ್ದಾರೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡುವ ಹೋಲಿಕೆ ಅಮೆರಿಕದ್ದು, ಅದೂ ಹೆಚ್ಚುಕಡಿಮೆ ಅದೇ ಕಾಲದ್ದು.

1975ರಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಕಡೆ ಹಲವು ಮಕ್ಕಳ ಮೊಣಕಾಲು ಊದಿತು. ವೈದ್ಯರು ಅದನ್ನು ಮಕ್ಕಳ ರುಮಟಾಯ್ಡ್ ಎಂದರು. ಪಾಲಿ ಮರ್ರಿ ಎಂಬ ತಾಯಿ ಅದನ್ನು ಒಪ್ಪದೆ ತನ್ನ ಮನೆಯವರ ಬೇನೆಗಳನ್ನು ಬರೆದಿಟ್ಟುಕೊಂಡು ರಾಜ್ಯದ ಆರೋಗ್ಯ ಇಲಾಖೆಗೆ ತಿಳಿಸಿದಳು. ಯೇಲ್ ವಿಶ್ವವಿದ್ಯಾನಿಲಯದ ಅಲೆನ್ ಸ್ಟೀರ್ ಮತ್ತು ಸಂಗಡಿಗರು ನೆರೆಹೊರೆಯ ಮೂರು ಊರುಗಳಲ್ಲಿ ವಿಚಾರಿಸಿ 39 ಮಕ್ಕಳು, 12 ವಯಸ್ಕರ ವಿವರಗಳನ್ನು 1977ರಲ್ಲಿ ಪ್ರಕಟಿಸಿದರು. ಕಾಡಿನ ಉಣ್ಣೆಯ ಮೇಲೆ ಗುಮಾನಿ ಹೋಯಿತು. 1982ರಲ್ಲಿ ಬರ್ಗ್‌ಡಾರ್ಫರ್ ಆ ಉಣ್ಣೆಯಲ್ಲಿದ್ದ ಸುರುಳಿಯಾಕಾರದ ಕ್ರಿಮಿಯನ್ನು ಪ್ರಕಟಪಡಿಸಿದ. ರೋಗಿಗಳ ಕೀಲುಪೊರೆಯ ತುಣುಕುಗಳಲ್ಲಿಯೂ ಆ ಬಗೆಯ ಕ್ರಿಮಿಗಳನ್ನು ಮುಂದೆ ಕಂಡರು. ಗುಣಪಡಿಸುವ ಮದ್ದೂ ಸಿಕ್ಕಿತು.

ಒಂದು ಕಡೆ ಏಳು ವರ್ಷ, ಇನ್ನೊಂದು ಕಡೆ ಸುಮಾರು ಇಪ್ಪತ್ತು ವರ್ಷ. ಈ ಅಂತರಕ್ಕೆ ಬಡತನವೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಕ್ರಿಮಿಯನ್ನು ಹಿಡಿಯುವ ಬಲೆ ಆಗಲೇ ಸಿದ್ಧವಾಗಿತ್ತು. ವಂಶದ ದೋಷವನ್ನು ಹಿಡಿಯುವ ಬಲೆಯನ್ನು ಆಗ ಇನ್ನೂ ಹೆಣೆಯುತ್ತಿದ್ದರು. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಪುಣೆಯ ವೈರಾಣು ಸಂಶೋಧಕರು ಅದೇ ವರ್ಷ ವೈರಾಣುವನ್ನು ಪತ್ತೆ ಮಾಡಿರಲಿಲ್ಲವೆ? ಆದರೂ ಒಂದು ಮಾತು ಉಳಿಯುತ್ತದೆ. ಲೈಮಿನ ತಾಯಿಗೆ ಓದು ಬರಹವಿತ್ತು, ದೂರವಾಣಿಯಿತ್ತು, ತನ್ನ ಮಾತನ್ನು ಕೇಳಬೇಕೆಂದು ಒತ್ತಾಯಿಸುವ ಧೈರ್ಯವಿತ್ತು. ಹಂದಿಗೋಡಿನ ಕೂಲಿಯ ಹೆಣ್ಣುಮಗಳ ಕೈಯಲ್ಲಿ ಇವು ಯಾವುವೂ ಇರಲಿಲ್ಲ. ತನಿಖೆಯ ತಂಡಗಳು ಒಂದರ ಹಿಂದೊಂದು ಬಂದಾಗ ಆಕೆ ತೋಳನ್ನು ಚಾಚಿ ರಕ್ತ ಕೊಟ್ಟಳು, ಮಕ್ಕಳನ್ನು ಎಕ್ಸ್-ರೇ ಯಂತ್ರದ ಮುಂದೆ ನಿಲ್ಲಿಸಿದಳು. ಪ್ರತಿಯಾಗಿ ದೊರೆತದ್ದು ಇಂಗ್ಲಿಷಿನ ಉದ್ದನೆಯ ಒಂದು ಹೆಸರು. ಬೇರುಸಹಿತ ಗುಣಪಡಿಸುವ ಮದ್ದಿಲ್ಲ ಎಂಬ ತಿಳಿವು. ಊರಿನ ಹೆಸರಿಗೆ ಅಂಟಿಕೊಂಡ ರೋಗ. ರೋಗಗಳಿಗೆ ಊರಿನ ಹೆಸರಿಡುವುದು ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಹಂದಿಗೋಡಿಗೆ ಆ ಮಾತು ನಲವತ್ತು ವರ್ಷ ತಡವಾಗಿ ಬಂತು.

ಹಾಗೆಂದು ಆ ನಿರ್ಣಯ ವ್ಯರ್ಥವೆಂದು ನಾನು ಹೇಳಲಾರೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ, ತಿಂದ ಅನ್ನದ ತಪ್ಪೂ ಅಲ್ಲ ಎಂದು ತಿಳಿಯುವುದು ಸಣ್ಣ ಲಾಭವಲ್ಲ. ಪಕ್ಕದ ಮನೆಯವರು ಹೆದರದೆ ಬಳಿ ಕೂರಬಹುದು. ಮದುವೆಯ ಮುನ್ನ ತಿಳಿದವರ ಸಲಹೆ ಕೇಳಬಹುದು. ಸವೆದ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯ ಆಸರೆ ಸಿಗಬಹುದು. ಸರಿಯಾದ ಹೆಸರಿನಿಂದ ಇಷ್ಟಾದರೂ ಆಗುತ್ತದೆ. ಆ ಹೆಸರನ್ನು ರೋಗಿಯ ಭಾಷೆಯಲ್ಲಿ ರೋಗಿಗೇ ಹೇಳುವುದು ಮಾತ್ರ ಸಂಶೋಧನೆಯ ಕೊನೆಯ ಕಂತು. ಅದು ಸಂದಾಯವಾಗದೆ ಲೆಕ್ಕ ಮುಗಿಯುವುದಿಲ್ಲ.

ಕೀಲಿನ ತುಣುಕೂ ಸರ್ವಜ್ಞವಲ್ಲ. ಎಷ್ಟೋ ಸಲ ಸೂಕ್ಷ್ಮದರ್ಶಕ 'ಯಾವ ರೋಗಕ್ಕೂ ವಿಶಿಷ್ಟವಲ್ಲದ ಉರಿಯೂತ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಕೆಲವು ಸಲ ಉತ್ತರ ತುಣುಕಿನಲ್ಲಿದ್ದರೂ ಅದನ್ನು ಓದುವ ವಿದ್ಯೆ ಹುಟ್ಟಿರುವುದಿಲ್ಲ. 1907ರಲ್ಲಿ ಬಾಲ್ಟಿಮೋರಿನ ಜಾರ್ಜ್ ವಿಪ್ಪಲ್, ಕೀಲುನೋವಿನಿಂದ ಮೊದಲಾಗಿ ಸೊರಗಿ ಸತ್ತ ಒಬ್ಬ ಮಿಷನರಿ ವೈದ್ಯನ ಅಂಗಾಂಶಗಳಲ್ಲಿ ಕಡ್ಡಿಯಂಥ ಆಕೃತಿಗಳನ್ನು ಕಂಡ. ಅವು ಯಾವ ಕ್ರಿಮಿ ಎಂಬುದನ್ನು ಅಂಗಾಂಶದಲ್ಲಿ ಉಳಿದ ಡಿ.ಎನ್.ಎ.ಯಿಂದ ನಿಶ್ಚಯಿಸಿದ್ದು 1992ರಲ್ಲಿ. ಎಂಬತ್ತೈದು ವರ್ಷ ಸಾಕ್ಷಿ ಕಟಕಟೆಯಲ್ಲಿ ನಿಂತೇ ಇತ್ತು.

ಆದ್ದರಿಂದ ಒಂದು ಕೀಲು ಆರು ವಾರ ಕಳೆದರೂ ಊದಿಕೊಂಡೇ ಇದ್ದರೆ, ವಾತವೆಂದು ತಾವೇ ಹೆಸರಿಟ್ಟು ಅಂಗಡಿಯ ಗುಳಿಗೆ ನುಂಗುತ್ತ ಕೂರಬೇಡಿ; ತಿಳಿದ ವೈದ್ಯರ ಬಳಿ ಹೋಗಿ. ಅವರು ಕೇಳದಿದ್ದರೂ ನೀವೇ ಹೇಳಿ: ಮುಳ್ಳು ಚುಚ್ಚಿದ್ದು, ಹಸು ಕಂದು ಹಾಕಿದ್ದು, ಹಸಿಹಾಲು ಕುಡಿದದ್ದು, ಬಾವಿಯ ನೀರು, ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದದ್ದು, ಅಜ್ಜ ಅಜ್ಜಿ ಕುಂಟುತ್ತಿದ್ದದ್ದು. ತುಣುಕು ತೆಗೆಯಬೇಕು ಎಂದರೆ ಏಕೆ ಎಂದು ಕೇಳಿ, ಒಪ್ಪಿ ಕೊಡಿ. ಅದರ ಉತ್ತರ ಬಂದಾಗ ಏನು ಬಂತೆಂದು ಬಿಡದೆ ಕೇಳಿ ತಿಳಿದುಕೊಳ್ಳಿ.